ಹಳೆಯ ಕಥೆ, ಹೊಸ ಯಜಮಾನ: ಅಭಿಮಾನಿಗೆ ಏಕೆ ಸಿಟ್ಟು?



ಕಾಲೇಜು ಬಿಡುವ ಹೊತ್ತಿಗೆ ಶಿವಮೊಗ್ಗದಿಂದ ಭದ್ರಾವತಿಗೆ ಹೊರಡುವ ಬಸ್ಸನ್ನು ಹತ್ತಿ ನೋಡಿ. ಊರು ಬರುವಷ್ಟರಲ್ಲಿ ಒಂದು ಸಿನಿಮಾದ ಹಣೆಬರಹ ತೀರ್ಮಾನವಾಗಿ ಹೋಗಿರುತ್ತದೆ. ಬಾಹ್ಯಾಕಾಶದ ಹೊಸ ಚಿತ್ರವೊಂದನ್ನು ನೋಡಿ ಬಂದ ಗೆಳೆಯ, “ಎಲ್ಲ ಕೆಡಿಸಿಬಿಟ್ಟರು ಕಣೋ” ಎಂದು ತಲೆ ಚಚ್ಚಿಕೊಳ್ಳುತ್ತಾನೆ. ಮತ್ತೊಬ್ಬಳು, “ಹಳೆಯದೇ ಬೇಕಿದ್ದರೆ ಹಳೆಯದನ್ನೇ ನೋಡು, ಹೊಸದಕ್ಕೆ ಏಕೆ ಹೋದೆ?” ಎಂದು ಕೇಳುತ್ತಾಳೆ. ಇಬ್ಬರ ಮಾತಿನಲ್ಲೂ ಹುರುಳಿದೆ ಎಂದು ನಿಮಗೆ ಅನಿಸಿರಬಹುದು.

ಇನ್ನು ಮನೆಗೆ ಬಂದರೆ, ಅಮ್ಮನೋ ಅಜ್ಜನೋ ಇದೇ ಮಾತನ್ನು ಬೇರೊಂದು ವಿಷಯಕ್ಕೆ ಹೇಳುತ್ತಿರುತ್ತಾರೆ. “ಆಗಿನ ‘ಮಾಲ್ಗುಡಿ ಡೇಸ್’ ಎಲ್ಲಿ, ಆಮೇಲೆ ಬಂದದ್ದೆಲ್ಲಿ!” ಎಂಬ ನಿಟ್ಟುಸಿರನ್ನು ನಮ್ಮ ಜಿಲ್ಲೆಯಲ್ಲಿ ಕೇಳದವರು ಕಡಿಮೆ.

ಇದು ಬರಿಯ ಹಟವೇ? ವಯಸ್ಸಾದವರ ಹಳಹಳಿಕೆಯೇ? ಅಥವಾ ಈ ಸಿಟ್ಟಿನ ಹಿಂದೆ ನಾವು ತಿಳಿಯಬೇಕಾದ ನ್ಯಾಯವಾದ ಪ್ರಶ್ನೆಯೊಂದು ಇದೆಯೇ? ಈ ಲೇಖನದಲ್ಲಿ ಅದನ್ನು ಬಿಡಿಸಿ ನೋಡೋಣ.

ಮರುಚಾಲನೆ ಎಂದರೇನು?

ಕಂಪ್ಯೂಟರ್ ಕೈಕೊಟ್ಟಾಗ ನಾವು ಅದನ್ನು ಆರಿಸಿ ಮತ್ತೆ ಚಾಲೂ ಮಾಡುತ್ತೇವೆ. ಇದಕ್ಕೆ ರೀಬೂಟ್ ಎನ್ನುತ್ತಾರೆ. ಚಿತ್ರರಂಗ ಈ ಪದವನ್ನು ಅಲ್ಲಿಂದಲೇ ಎರವಲು ಪಡೆಯಿತು. ಹಳೆಯ ಕಥೆಯೊಂದನ್ನು ಅದೇ ಹೆಸರು, ಅದೇ ಪಾತ್ರಗಳೊಂದಿಗೆ ಮೊದಲಿನಿಂದ ಹೊಸದಾಗಿ ಆರಂಭಿಸುವುದೇ ಮರುಚಾಲನೆ.

ಇದನ್ನು ಎರಡು ಹತ್ತಿರದ ಮಾತುಗಳಿಂದ ಬೇರ್ಪಡಿಸಿಕೊಳ್ಳಬೇಕು. ಹಳೆಯ ಕಥೆ ನಿಂತಲ್ಲಿಂದ ಮುಂದುವರಿದರೆ ಅದು ಮುಂದುವರಿದ ಭಾಗ. ಒಂದು ಚಿತ್ರವನ್ನು ಬೇರೆ ನಟರಿಂದ ಅಥವಾ ಬೇರೆ ಭಾಷೆಯಲ್ಲಿ ಮತ್ತೆ ತೆಗೆದರೆ ಅದು ರೀಮೇಕ್. ಕನ್ನಡ ಪ್ರೇಕ್ಷಕರಿಗೆ ಇದು ಹೊಸದಲ್ಲ. ಮರುಚಾಲನೆ ಇವೆರಡಕ್ಕಿಂತ ದೊಡ್ಡ ಹೆಜ್ಜೆ. “ಈವರೆಗೆ ನೀವು ನೋಡಿದ್ದನ್ನು ಬದಿಗಿಡಿ, ಇನ್ನು ಮುಂದೆ ನಾವು ಹೇಳುವುದೇ ಕಥೆ” ಎಂದು ಅದು ಪ್ರೇಕ್ಷಕನಿಗೆ ಹೇಳುತ್ತದೆ.

ಸಂಸ್ಥೆಗಳು ಹೀಗೇಕೆ ಮಾಡುತ್ತವೆ? ಕಾರಣ ಸರಳ. ದೊಡ್ಡ ಚಿತ್ರಕ್ಕೆ ದೊಡ್ಡ ಹಣ ಬೇಕು. ಯಾರೂ ಕೇಳಿರದ ಕಥೆಗೆ ಅಷ್ಟು ಹಣ ಹಾಕಲು ಬಂಡವಾಳಗಾರರು ಹೆದರುತ್ತಾರೆ. ಜನರ ಬಾಯಲ್ಲಿ ಈಗಾಗಲೇ ಇರುವ ಹೆಸರಾದರೆ ಅರ್ಧ ಪ್ರಚಾರ ತಾನಾಗಿಯೇ ಆಗಿರುತ್ತದೆ. ಅಂದರೆ, ಸಂಸ್ಥೆ ಮಾರುತ್ತಿರುವ ಸರಕಿನಲ್ಲಿ ಒಂದು ಪಾಲು ನಿಮ್ಮ ನೆನಪೇ ಆಗಿದೆ! ಈ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ. ಅಭಿಮಾನಿಯ ಸಿಟ್ಟಿನ ಬೇರು ಇಲ್ಲಿಯೇ ಇದೆ.

ಪತ್ರ ಬರೆದು ಕಥೆ ಉಳಿಸಿದವರು

‘ಸ್ಟಾರ್ ಟ್ರೆಕ್’ ಎಂಬ ಧಾರಾವಾಹಿಯನ್ನು ತೆಗೆದುಕೊಳ್ಳಿ. 1966ರ ಸೆಪ್ಟೆಂಬರ್ 8ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಇದು ಆರಂಭವಾಯಿತು. ಕ್ಯಾಪ್ಟನ್ ಕರ್ಕ್, ಭಾವನೆಗಳನ್ನು ಅದುಮಿಟ್ಟು ತರ್ಕವನ್ನೇ ನಂಬುವ ಸ್ಪಾಕ್, ‘ಎಂಟರ್‌ಪ್ರೈಸ್’ ಎಂಬ ನೌಕೆ. ನೋಡುಗರ ಸಂಖ್ಯೆ ಸಾಲದೆಂದು ಎರಡನೆಯ ವರ್ಷದಲ್ಲೇ ಇದನ್ನು ನಿಲ್ಲಿಸುವ ಮಾತು ಬಂತು. ಆಗ ಅಭಿಮಾನಿಗಳು ವಾಹಿನಿಗೆ ರಾಶಿ ರಾಶಿ ಪತ್ರ ಬರೆದರು. 1968ರಲ್ಲಿ ವಾಹಿನಿಯೇ ಪರದೆಯ ಮೇಲೆ, ಧಾರಾವಾಹಿ ಮುಂದುವರಿಯುತ್ತದೆ ಎಂದು ಪ್ರಕಟಿಸಬೇಕಾಯಿತು. ಮೂರು ವರ್ಷ ನಡೆದು, 79 ಕಂತುಗಳ ನಂತರ 1969ರಲ್ಲಿ ಅದು ನಿಂತಿತು. ಆದರೆ ಅಭಿಮಾನ ನಿಲ್ಲಲಿಲ್ಲ. 1976ರಲ್ಲಿ ಅಮೆರಿಕದ ಮೊದಲ ಬಾಹ್ಯಾಕಾಶ ಷಟಲ್‌ಗೆ ‘ಎಂಟರ್‌ಪ್ರೈಸ್’ ಎಂದು ಹೆಸರಿಟ್ಟದ್ದೂ ಇಂಥದೇ ಪತ್ರಗಳ ಫಲ.

ನಮ್ಮ ದೂರದರ್ಶನವೂ 1980ರ ದಶಕದಲ್ಲಿ ಭಾನುವಾರಗಳಂದು ಇದನ್ನು ತೋರಿಸಿತ್ತು. ಸ್ಪಾಕ್‌ನ ಚೂಪು ಕಿವಿ ನಿಮ್ಮ ಮನೆಯ ಹಿರಿಯರಲ್ಲಿ ಕೆಲವರಿಗೆ ನೆನಪಿದ್ದೀತು, ಕೇಳಿ ನೋಡಿ.

2009ರಲ್ಲಿ ಜೆ. ಜೆ. ಅಬ್ರಾಮ್ಸ್ ನಿರ್ದೇಶನದಲ್ಲಿ ಈ ಕಥೆಗೆ ಮರುಚಾಲನೆ ದೊರೆಯಿತು. ಅಲ್ಲಿ ಒಂದು ಜಾಣತನ ನಡೆಯಿತು. ಭವಿಷ್ಯದಿಂದ ಬಂದ ಒಂದು ನೌಕೆಯಿಂದಾಗಿ ಕಾಲದ ಹರಿವು ಕವಲೊಡೆಯುತ್ತದೆ. ಹೊಸ ಚಿತ್ರದ ಘಟನೆಗಳು ಹೊಸ ಕವಲಿನಲ್ಲಿ ನಡೆಯುತ್ತವೆ. ಹಳೆಯ ಸ್ಪಾಕ್ ಪಾತ್ರಧಾರಿ ಲಿಯೊನಾರ್ಡ್ ನಿಮೊಯ್ ಅವರೇ ಹಳೆಯ ಕವಲಿನಿಂದ ಬಂದ ಮುದಿ ಸ್ಪಾಕ್ ಆಗಿ ಕಾಣಿಸಿಕೊಂಡರು. “ನಿಮ್ಮ ಹಳೆಯ ಕಥೆ ಸುಳ್ಳಾಗಿಲ್ಲ, ಅದು ತನ್ನ ಜಾಗದಲ್ಲಿ ಹಾಗೆಯೇ ಇದೆ” ಎಂದು ಅಭಿಮಾನಿಗೆ ಹೇಳಿದ ಹಾಗಾಯಿತು. ಆದರೂ ಗೊಣಗಾಟ ನಿಲ್ಲಲಿಲ್ಲ. ಮೂಲದಲ್ಲಿ ಯೋಚನೆ, ವಾದ, ನ್ಯಾಯದ ಪ್ರಶ್ನೆಗಳಿದ್ದ ಜಾಗದಲ್ಲಿ ಹೊಸ ಚಿತ್ರಗಳು ಓಟ ಮತ್ತು ಸ್ಫೋಟವನ್ನು ತುಂಬಿವೆ ಎಂಬುದು ಅನೇಕರ ದೂರು.

ಗಮನಿಸಿ: ಇಲ್ಲಿನ ದೂರು “ಬದಲಾಯಿಸಿದರು” ಎಂಬುದಲ್ಲ, “ಕಥೆಯ ಜೀವ ಯಾವುದೆಂದು ತಿಳಿಯಲಿಲ್ಲ” ಎಂಬುದು. ಇವೆರಡೂ ಬೇರೆ.

ತಿದ್ದಿದವರು ಬರೆದವರೇ ಆದರೆ?

ಎರಡನೆಯ ಉದಾಹರಣೆ ಇನ್ನಷ್ಟು ತೊಡಕಿನದು. ಜಾರ್ಜ್ ಲ್ಯೂಕಸ್ ಅವರ ‘ಸ್ಟಾರ್ ವಾರ್ಸ್’ 1977ರ ಮೇ 25ರಂದು ತೆರೆಕಂಡಿತು. ಇಪ್ಪತ್ತು ವರ್ಷಗಳ ನಂತರ, 1997ರಲ್ಲಿ, ಲ್ಯೂಕಸ್ ಅದನ್ನು ತಾವೇ ತಿದ್ದಿ ‘ವಿಶೇಷ ಆವೃತ್ತಿ’ ಎಂದು ಬಿಡುಗಡೆ ಮಾಡಿದರು. ಕಂಪ್ಯೂಟರ್ ಚಿತ್ರಗಳನ್ನು ಸೇರಿಸಿದರು, ಕೆಲವು ದೃಶ್ಯಗಳನ್ನು ಮಾರ್ಪಡಿಸಿದರು.

ಅದರಲ್ಲಿ ಒಂದು ದೃಶ್ಯ ಬಹಳ ವಿವಾದಕ್ಕೆ ಒಳಗಾಯಿತು. ಹಾನ್ ಸೋಲೋ ಎಂಬ ಕಳ್ಳಸಾಗಣೆದಾರನನ್ನು ಗ್ರೀಡೋ ಎಂಬವನು ಹೋಟೆಲೊಂದರಲ್ಲಿ ಬಂದೂಕು ಹಿಡಿದು ಬೆದರಿಸುತ್ತಾನೆ. 1977ರ ಚಿತ್ರದಲ್ಲಿ ಹಾನ್ ಮೇಜಿನ ಕೆಳಗಿನಿಂದಲೇ ಗುಂಡು ಹಾರಿಸಿ ಅವನನ್ನು ಮುಗಿಸುತ್ತಾನೆ. 1997ರಲ್ಲಿ ಗ್ರೀಡೋ ಮೊದಲು ಹಾರಿಸಿ ಗುರಿ ತಪ್ಪಿದಂತೆ ಮಾರ್ಪಡಿಸಲಾಯಿತು. ಕ್ಷಣಮಾತ್ರದ ವ್ಯತ್ಯಾಸಕ್ಕೆ ಇಷ್ಟು ಗಲಾಟೆಯೇ ಎಂದು ನೀವು ಕೇಳಬಹುದು. ಆದರೆ ಯೋಚಿಸಿ. ಮೊದಲ ಹಾನ್ ತನ್ನ ಜೀವ, ತನ್ನ ಹಣ ಎನ್ನುವ ಸ್ವಾರ್ಥಿ. ಅವನೇ ಕೊನೆಯಲ್ಲಿ ಗೆಳೆಯರಿಗಾಗಿ ಪ್ರಾಣವನ್ನು ಪಣಕ್ಕಿಟ್ಟು ಹಿಂದಿರುಗುತ್ತಾನೆ. ಮೊದಲೇ ಅವನನ್ನು ಸಭ್ಯನನ್ನಾಗಿ ಮಾಡಿದರೆ, ಕೊನೆಯಲ್ಲಿ ಅವನು ಒಳ್ಳೆಯವನಾದದ್ದಕ್ಕೆ ಬೆಲೆ ಎಲ್ಲಿ ಉಳಿಯಿತು?

ಅಭಿಮಾನಿಗಳನ್ನು ಇದಕ್ಕಿಂತ ಹೆಚ್ಚು ನೋಯಿಸಿದ್ದು ಮತ್ತೊಂದು ಸಂಗತಿ. ತಿದ್ದಿದ ಪ್ರತಿಯೇ ಅಧಿಕೃತವಾಯಿತು. 1977ರಲ್ಲಿ ಜನ ನೋಡಿದ ಚಿತ್ರ ಒಳ್ಳೆಯ ಪ್ರತಿಯಲ್ಲಿ ಸಿಗುವುದೇ ಕಷ್ಟವಾಯಿತು. 2006ರಲ್ಲಿ ಡಿವಿಡಿಯೊಂದರ ಜೊತೆಗೆ ಹೆಚ್ಚುವರಿಯಾಗಿ ಅದನ್ನು ಕೊಟ್ಟರೂ ಚಿತ್ರದ ಗುಣಮಟ್ಟ ಕಳಪೆಯಾಗಿತ್ತು.

ವಿಪರ್ಯಾಸ ನೋಡಿ. ಕಪ್ಪು ಬಿಳುಪಿನ ಹಳೆಯ ಚಿತ್ರಗಳಿಗೆ ಕಂಪ್ಯೂಟರಿನಿಂದ ಬಣ್ಣ ಹಚ್ಚಿ ಮಾರುವ ವ್ಯಾಪಾರ 1980ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದಾಗ, 1988ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಹೋಗಿ ಅದನ್ನು ಕಟುವಾಗಿ ಖಂಡಿಸಿದವರಲ್ಲಿ ಇದೇ ಲ್ಯೂಕಸ್ ಒಬ್ಬರು. ಲಾಭಕ್ಕಾಗಿ ಕಲಾಕೃತಿಯನ್ನು ತಿದ್ದಬಾರದು, ಅದು ಮುಂದಿನ ಪೀಳಿಗೆಗೆ ಸೇರಿದ್ದು ಎಂಬುದು ಅವರ ವಾದವಾಗಿತ್ತು. ಅಂದು ಅವರು ವಿರೋಧಿಸಿದ್ದು ಬೇರೆಯವರು ಮಾಡುವ ತಿದ್ದುಪಡಿಯನ್ನು. ಮುಂದೆ ತಮ್ಮ ಚಿತ್ರವನ್ನು ತಿದ್ದುವ ಹಕ್ಕು ತಮಗಿದೆ ಎಂದುಕೊಂಡರು. ನೋಡುಗನಿಗೆ ಮಾತ್ರ ಕಳೆದುಕೊಂಡದ್ದು ಒಂದೇ.

2012ರಲ್ಲಿ ಡಿಸ್ನಿ ಸಂಸ್ಥೆ ಲ್ಯೂಕಸ್ ಅವರ ಕಂಪನಿಯನ್ನು ಸುಮಾರು 400 ಕೋಟಿ ಡಾಲರಿಗೆ ಕೊಂಡುಕೊಂಡಿತು. ಅಷ್ಟರಲ್ಲಿ ‘ಸ್ಟಾರ್ ವಾರ್ಸ್’ ಕುರಿತ ಕಾದಂಬರಿಗಳು, ಚಿತ್ರಕಥಾ ಪುಸ್ತಕಗಳು ದಶಕಗಳಿಂದ ಬಂದಿದ್ದವು. 2014ರಲ್ಲಿ ಅವನ್ನೆಲ್ಲ ‘ದಂತಕಥೆಗಳು’ ಎಂಬ ಹೆಸರಿನಡಿ ಬೇರೆ ಇರಿಸಲಾಯಿತು. ಹೊಸ ಚಿತ್ರಗಳು ಅವುಗಳಿಗೆ ಬದ್ಧವಲ್ಲ ಎಂದು ಇದರ ಅರ್ಥ. ಇಪ್ಪತ್ತು ವರ್ಷ ಆ ಪುಸ್ತಕಗಳನ್ನು ಓದಿ ಬೆಳೆದವನಿಗೆ ಒಂದು ದಿನ ಪ್ರಕಟಣೆಯೊಂದು ಬಂದು, “ನೀನು ಓದಿದ್ದು ನಡೆದದ್ದಲ್ಲ” ಎಂದ ಹಾಗಾಯಿತು.

ವಿಜ್ಞಾನ ಕಥೆಗೇ ಏಕೆ ಇಷ್ಟು ಜಗಳ?

ವಿಜ್ಞಾನ ಕಥೆ ಒಂದು ಲೋಕವನ್ನು ಕಟ್ಟುತ್ತದೆ. ಆ ಲೋಕಕ್ಕೆ ನಿಯಮಗಳಿರುತ್ತವೆ. ನೌಕೆ ಎಷ್ಟು ವೇಗವಾಗಿ ಹೋಗಬಲ್ಲದು, ಯಂತ್ರಮಾನವ ಏನು ಮಾಡಬಲ್ಲ, ಏನು ಮಾಡಲಾರ, ಯಾವ ಗ್ರಹದವರಿಗೆ ಯಾರ ಮೇಲೆ ಹಗೆ ಎಂಬುದನ್ನೆಲ್ಲ ಓದುಗ ಕಲಿಯುತ್ತಾನೆ. ಹೀಗೆ ಕಲಿಯುವುದೇ ಅದರ ಸುಖದಲ್ಲಿ ಅರ್ಧ ಪಾಲು. ಕ್ರಿಕೆಟ್ ನಿಯಮ ಬಲ್ಲವನಿಗೇ ಆಟದ ರುಚಿ ಸಿಗುವಂತೆ ಇದು. ಆಟ ನಡೆಯುತ್ತಿರುವಾಗ ಯಾರೋ ಬಂದು ನಿಯಮ ಬದಲಾಯಿಸಿದರೆ ಹೇಗಿರುತ್ತದೆ?

ಎರಡನೆಯ ಕಾರಣ ವಯಸ್ಸು. ಇಂಥ ಕಥೆಗಳು ಹತ್ತರಿಂದ ಹದಿನೈದು ವಯಸ್ಸಿನ ನಡುವೆ ಮನಸ್ಸಿಗೆ ಇಳಿಯುವುದು ಹೆಚ್ಚು. ಆಗ ನೋಡಿದ್ದು ಕಥೆಯಾಗಿ ಮಾತ್ರ ಉಳಿಯುವುದಿಲ್ಲ. ಅಂದು ಪಕ್ಕದಲ್ಲಿ ಕುಳಿತಿದ್ದ ಅಣ್ಣ, ಕರೆಂಟ್ ಹೋದ ಸಂಜೆ, ಮುಗಿಯದ ಮನೆಪಾಠ ಎಲ್ಲವೂ ಅದರ ಜೊತೆಗೆ ಅಂಟಿಕೊಂಡಿರುತ್ತವೆ. ಕಥೆಗೆ ಕೈ ಹಾಕಿದವರು ತಮಗೆ ತಿಳಿಯದೆಯೇ ಇವಕ್ಕೂ ಕೈ ಹಾಕಿರುತ್ತಾರೆ.

ಮೂರನೆಯದು ಅಧಿಕಾರದ ಪ್ರಶ್ನೆ. ಕಥೆಯ ಹೆಸರಿಗೆ ಬೆಲೆ ಬಂದದ್ದು ಜನ ಅದನ್ನು ಪ್ರೀತಿಸಿದ್ದರಿಂದ. ಆದರೆ ಅದರ ಮುಂದಿನ ಗತಿಯನ್ನು ನಿರ್ಧರಿಸುವಾಗ ಅವರನ್ನು ಯಾರೂ ಕೇಳುವುದಿಲ್ಲ. ಕಾನೂನು ಏನು ಹೇಳುತ್ತದೆ? ನಮ್ಮ ದೇಶದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಕೃತಿಯ ಹಕ್ಕು ಲೇಖಕರ ಜೀವಿತಾವಧಿ ಮತ್ತು ಆ ನಂತರ 60 ವರ್ಷ ಇರುತ್ತದೆ. ಚಲನಚಿತ್ರದ ಹಕ್ಕು ಸಾಮಾನ್ಯವಾಗಿ ನಿರ್ಮಾಪಕರದು. ಅದೇ ಕಾಯ್ದೆಯ 57ನೇ ಪ್ರಕರಣ, ಹಕ್ಕನ್ನು ಮಾರಿದ ಮೇಲೂ ತನ್ನ ಕೃತಿಯನ್ನು ಮಾನಹಾನಿಯಾಗುವಂತೆ ವಿರೂಪಗೊಳಿಸಿದರೆ ಆಕ್ಷೇಪಿಸುವ ಅಧಿಕಾರವನ್ನು ಲೇಖಕರಿಗೆ ಕೊಡುತ್ತದೆ. ನಿರ್ಮಾಪಕರಿಗೆ ಹಕ್ಕುಂಟು, ಲೇಖಕರಿಗೆ ಹಕ್ಕುಂಟು. ನೋಡುಗನಿಗೆ? ಇಲ್ಲ. ಅವನಲ್ಲಿರುವುದು ನೆನಪು ಮಾತ್ರ.

ಈಗ ನಮ್ಮ ಜಿಲ್ಲೆಗೆ ಬರೋಣ

ದೂರದ ನಕ್ಷತ್ರಗಳ ಮಾತು ಸಾಕು. ಈ ಪ್ರಶ್ನೆಯನ್ನು ಒರೆಗೆ ಹಚ್ಚಿ ನೋಡಲು ನಮ್ಮ ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ. ಅದು ವಿಜ್ಞಾನ ಕಥೆಯಲ್ಲ. ಆದರೆ ಅದೂ ಕಲ್ಪನೆಯಲ್ಲಿ ಕಟ್ಟಿದ ಒಂದು ಲೋಕವೇ. ಮಾಲ್ಗುಡಿ ಎಂಬ ಊರು ಯಾವ ನಕಾಶೆಯಲ್ಲೂ ಇಲ್ಲ. ಆರ್. ಕೆ. ನಾರಾಯಣ್ ಅದನ್ನು 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ಇಂಗ್ಲಿಷಿನಲ್ಲಿ ಸೃಷ್ಟಿಸಿದರು. ಸರಯೂ ನದಿ, ಮೆಂಪಿ ಬೆಟ್ಟ, ಆಲ್ಬರ್ಟ್ ಮಿಷನ್ ಶಾಲೆ ಇವೆಲ್ಲ ಅವರ ಮನಸ್ಸಿನಲ್ಲಿ ಹುಟ್ಟಿದವು.

1986ರಲ್ಲಿ ಶಂಕರ್‌ನಾಗ್ ಈ ಕಥೆಗಳನ್ನು ದೂರದರ್ಶನಕ್ಕಾಗಿ ಚಿತ್ರಿಸಿದರು. ನಿರ್ಮಾಪಕರು ಟಿ. ಎಸ್. ನರಸಿಂಹನ್. ಸಂಗೀತ ಎಲ್. ವೈದ್ಯನಾಥನ್ ಅವರದು, ರೇಖಾಚಿತ್ರಗಳು ಆರ್. ಕೆ. ಲಕ್ಷ್ಮಣ್ ಅವರವು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ್ ಕಾರ್ನಾಡ್. ಚಿತ್ರೀಕರಣ ನಡೆದದ್ದು ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ. ಅಲ್ಲಿನ ದೊಡ್ಡಮನೆಯ ಜಗಲಿ ದೇಶಕ್ಕೆಲ್ಲ ಪರಿಚಯವಾಯಿತು. ಶಿವಮೊಗ್ಗ–ತಾಳಗುಪ್ಪ ರೈಲುಮಾರ್ಗದ ಅರಸಾಳು ನಿಲ್ದಾಣ ಪರದೆಯ ಮೇಲೆ ಮಾಲ್ಗುಡಿ ನಿಲ್ದಾಣವಾಯಿತು.

1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ದಾವಣಗೆರೆ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರು ನಿರ್ದೇಶಿಸಿದ್ದ ಕಂತುಗಳು 39. ಹದಿನಾರು ವರ್ಷಗಳ ನಂತರ, 2006ರಲ್ಲಿ, ಕವಿತಾ ಲಂಕೇಶ್ ನಿರ್ದೇಶನದ 15 ಹೊಸ ಕಂತುಗಳು ಅದೇ ಹೆಸರಿನಲ್ಲಿ ದೂರದರ್ಶನದಲ್ಲಿ ಪ್ರಸಾರವಾದವು.

ಹೊಸ ಕಂತುಗಳ ಎದುರಿಗಿದ್ದ ಕಷ್ಟವನ್ನು ಊಹಿಸಿಕೊಳ್ಳಿ. ಕಥೆಗಳು ನಾರಾಯಣ್ ಅವರವೇ. ಆದರೆ ಮೊದಲ ನಿರ್ದೇಶಕರಿಲ್ಲ. ಸ್ವಾಮಿ ದೊಡ್ಡವನಾಗಿ ಹೋಗಿದ್ದಾನೆ. ಒಂದೇ ವಾಹಿನಿಯ ಮುಂದೆ ಊರೇ ಕುಳಿತಿರುತ್ತಿದ್ದ ಕಾಲವೂ ಮುಗಿದಿದೆ. ಹಳೆಯದನ್ನು ಎದೆಯಲ್ಲಿಟ್ಟುಕೊಂಡವರು ಹೊಸದನ್ನು ಅದರಷ್ಟಕ್ಕೆ ಅದನ್ನೇ ನೋಡುವುದು ಹೇಗೆ? ಹೋಲಿಕೆ ತಪ್ಪಿದ್ದಲ್ಲ. ಆ ಹೋಲಿಕೆಯಲ್ಲಿ ಹೊಸದು ನಡೆಸಬೇಕಾದ ಪೈಪೋಟಿ ಇನ್ನೊಂದು ಧಾರಾವಾಹಿಯೊಡನೆ ಮಾತ್ರವಲ್ಲ, ನೋಡುಗರ ಬಾಲ್ಯದೊಡನೆ ಕೂಡ.

ಆದರೆ ಇಲ್ಲಿ ಒಂದು ಕ್ಷಣ ನಿಲ್ಲಿ. ನಾವು ‘ಮೂಲ’ ಎನ್ನುವ ಶಂಕರ್‌ನಾಗ್ ಅವರ ಮಾಲ್ಗುಡಿ ನಿಜವಾಗಿ ಮೂಲವೇ? ನಾರಾಯಣ್ ಬರೆದದ್ದು ಇಂಗ್ಲಿಷಿನಲ್ಲಿ. ದೇಶದ ಬಹುಪಾಲು ಜನ ನೋಡಿದ್ದು ಹಿಂದಿಯಲ್ಲಿ. ನಾರಾಯಣ್ ಅವರ ಮಾಲ್ಗುಡಿ ಮಲೆನಾಡಿನ ಊರಲ್ಲ. ಧಾರಾವಾಹಿಯಲ್ಲಿ ಅದಕ್ಕೆ ಆಗುಂಬೆಯ ಮಳೆ, ನಾಡಹೆಂಚು, ಜಗಲಿ ಬಂದವು. ಅಂದರೆ ನಾವು ಕಾಪಾಡಬೇಕೆನ್ನುವ ಹಳೆಯದೂ ಒಂದು ಬದಲಾವಣೆಯೇ!

ನಾರಾಯಣ್ ಅವರಿಗೇ ಇಂಥ ಬದಲಾವಣೆಯಿಂದ ಒಮ್ಮೆ ಬಹಳ ನೋವಾಗಿತ್ತು. ಅವರ ‘ದಿ ಗೈಡ್’ ಕಾದಂಬರಿ 1965ರಲ್ಲಿ ಹಿಂದಿ ಚಿತ್ರವಾಯಿತು. ಕಥೆಗೆ ತಕ್ಕ ಜಾಗಗಳನ್ನು ಮೈಸೂರಿನ ಸುತ್ತಮುತ್ತ ಅವರು ಚಿತ್ರತಂಡಕ್ಕೆ ತೋರಿಸಿದ್ದರು. ತಂಡ ಹೋಗಿದ್ದು ರಾಜಸ್ಥಾನದ ಅರಮನೆಗಳ ಕಡೆಗೆ. ಚಿತ್ರ ಜನಪ್ರಿಯವಾಯಿತು, ಲೇಖಕರು ಮಾತ್ರ ‘ಮಿಸ್‌ಗೈಡೆಡ್ ಗೈಡ್’ ಎಂಬ ಪ್ರಬಂಧದಲ್ಲಿ ತಮ್ಮ ಅಸಮಾಧಾನವನ್ನು ಹಾಸ್ಯದ ಲೇಪ ಹಚ್ಚಿ ಬರೆದರು.

ಎರಡೂ ಕಡೆ ಊರು ಬದಲಾಯಿತು. ಒಂದು ಕಡೆ ಜನ ಒಪ್ಪಿ ಅಪ್ಪಿಕೊಂಡರು, ಇನ್ನೊಂದು ಕಡೆ ಬರೆದವರೇ ನೊಂದುಕೊಂಡರು. ವ್ಯತ್ಯಾಸವೇನು? ಮಾಲ್ಗುಡಿಯ ಜೀವ ಅದರ ಸಣ್ಣತನದಲ್ಲಿದೆ. ಅಲ್ಲಿ ದೊಡ್ಡ ಅರಮನೆಯಿಲ್ಲ, ದೊಡ್ಡ ವೀರರಿಲ್ಲ. ಶಾಲೆಗೆ ಹೋಗಲು ಅಳುವ ಹುಡುಗ, ಗದರಿಸುವ ತಂದೆ, ಕಥೆ ಹೇಳುವ ಅಜ್ಜಿ ಇದ್ದಾರೆ. ಆಗುಂಬೆ ಆ ಸಣ್ಣತನವನ್ನು ಉಳಿಸಿತು. ಅರಮನೆ ಅದನ್ನು ಕಳೆಯಿತು.

ಕುಪ್ಪಳಿಯ ಪಾಠ

ಬದಲಾವಣೆಯೇ ತಪ್ಪೆನ್ನುವವರು ಅದೇ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕಡೆಗೂ ಒಮ್ಮೆ ನೋಡಬೇಕು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಬರೆದಾಗ ವಾಲ್ಮೀಕಿಯ ಕಥೆಯನ್ನು ಇದ್ದ ಹಾಗೆ ಒಪ್ಪಿಸಲಿಲ್ಲ. ಅಲ್ಲಿ ಅಗ್ನಿಪರೀಕ್ಷೆ ಸೀತೆಗೆ ಮಾತ್ರವಲ್ಲ, ರಾಮನೂ ಬೆಂಕಿಯನ್ನು ಹೊಗುತ್ತಾನೆ. ರಾವಣನೂ ಮನಃಪರಿವರ್ತನೆಯ ದಾರಿಯಲ್ಲಿ ನಡೆಯುತ್ತಾನೆ. ಇದಕ್ಕಿಂತ ದೊಡ್ಡ ಮರುಚಾಲನೆ ಯಾವುದಿದೆ? ಈ ಕೃತಿಗೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ 1967ನೇ ಸಾಲಿನ ಜ್ಞಾನಪೀಠವೂ ದೊರೆತವು. ಅದಕ್ಕೂ ಸಾವಿರ ವರ್ಷ ಮೊದಲು ಪಂಪ ತನ್ನ ಭಾರತದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿ ಚಿತ್ರಿಸಿದ್ದನು. ಕನ್ನಡ ಸಾಹಿತ್ಯ ಬೆಳೆದದ್ದೇ ಹೀಗೆ.

ಆದರೆ ಒಂದು ಮಾತು ಗಮನಿಸಿ. ಕುವೆಂಪು ಬರೆದರೆಂದು ವಾಲ್ಮೀಕಿ ರಾಮಾಯಣ ಗ್ರಂಥಾಲಯದಿಂದ ಮಾಯವಾಗಲಿಲ್ಲ. ಎರಡೂ ಒಂದೇ ಕಪಾಟಿನಲ್ಲಿವೆ. ಓದುಗ ಎರಡನ್ನೂ ತೆರೆದು ಹೋಲಿಸಬಹುದು. ಮೂಲ ಕೈಗೆ ಸಿಗುವುದರಿಂದಲೇ ಬದಲಾವಣೆಯ ಅರ್ಥವೂ ಹೊಳೆಯುತ್ತದೆ.

ಭದ್ರಾವತಿಯವರಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. 1923ರಲ್ಲಿ ಕಬ್ಬಿಣ ತಯಾರಿಸಲು ಆರಂಭಿಸಿದ ಕಾರ್ಖಾನೆಯ ಊರು ಅದು. ಕುಲುಮೆಗೆ ಹಾಕಿದ ಹಳೆಯ ಕಬ್ಬಿಣ ಕರಗಿದ ಮೇಲೆ ಹಳೆಯ ಆಕಾರ ಉಳಿಯುವುದಿಲ್ಲ. ಕಬ್ಬಿಣಕ್ಕೆ ಅದು ಸರಿ, ಬೇರೆ ದಾರಿಯೂ ಇಲ್ಲ. ಕಥೆಗೆ ಆ ಅನಿವಾರ್ಯತೆ ಇಲ್ಲ. ಹಳೆಯದನ್ನು ಕರಗಿಸದೆಯೇ ಹೊಸದನ್ನು ಎರಕ ಹೊಯ್ಯಬಹುದು. ಹೀಗಿದ್ದೂ ಹಳೆಯದನ್ನು ಮರೆಮಾಡಿದರೆ ಅದು ಆಯ್ಕೆ. ಆ ಆಯ್ಕೆಯನ್ನು ಪ್ರಶ್ನಿಸುವುದು ನ್ಯಾಯ.

ಮೂರು ದೂರುಗಳು

ಈಗ ಬಸ್ಸಿನ ಗೆಳೆಯನ ಸಿಟ್ಟನ್ನು ಮೂರು ಭಾಗವಾಗಿ ಬಿಡಿಸಬಹುದು.

ಮೊದಲನೆಯ ದೂರು, “ಬದಲಾಯಿಸಿದರು” ಎಂಬುದು. ಇದರಲ್ಲಿ ಬಲ ಕಡಿಮೆ. ಬದಲಾಗದೆ ಉಳಿದ ಕಥೆ ಇಲ್ಲ. ಬ್ರಿಟನ್ನಿನ ಬಿಬಿಸಿಯ ‘ಡಾಕ್ಟರ್ ಹೂ’ ಎಂಬ ವಿಜ್ಞಾನ ಧಾರಾವಾಹಿ 1963ರಲ್ಲಿ ಆರಂಭವಾಯಿತು. 1966ರಲ್ಲಿ ಮುಖ್ಯ ನಟರ ಆರೋಗ್ಯ ಕೆಟ್ಟಾಗ, ನಾಯಕನ ದೇಹವೇ ಹೊಸದಾಗುತ್ತದೆ ಎಂಬ ಉಪಾಯ ಹೂಡಿ ಬೇರೆ ನಟರನ್ನು ತಂದರು. ಅಂದಿನಿಂದ ಮುಖ ಬದಲಾಗುವುದೇ ಆ ಕಥೆಯ ನಿಯಮವಾಯಿತು.

ಎರಡನೆಯ ದೂರು, “ಕಥೆಯ ಜೀವವನ್ನು ಅರಿಯದೆ ಹೆಸರನ್ನು ಮಾತ್ರ ಬಳಸಿಕೊಂಡರು” ಎಂಬುದು. ಇದು ವಿಮರ್ಶೆ. ಇದನ್ನು ಹೇಳಲು ನಿಮಗೆ ಪೂರ್ತಿ ಅಧಿಕಾರವಿದೆ. ಆದರೆ ಆ ಜೀವ ಯಾವುದು, ಅದು ಎಲ್ಲಿ ತಪ್ಪಿತು ಎಂಬುದನ್ನು ದೃಶ್ಯ ಸಹಿತ ತೋರಿಸಬೇಕು. “ಬೋರು” ಎಂದರೆ ವಿಮರ್ಶೆಯಾಗದು.

ಮೂರನೆಯದು, “ಹಳೆಯದನ್ನು ನಮ್ಮ ಕೈಗೆ ಸಿಗದಂತೆ ಮಾಡಿದರು” ಎಂಬುದು. ಇದೇ ಎಲ್ಲಕ್ಕಿಂತ ಬಲವಾದ ದೂರು. ಏಕೆಂದರೆ ಇಲ್ಲಿ ನಷ್ಟ ಇಂದಿನ ಅಭಿಮಾನಿಗೆ ಮಾತ್ರವಲ್ಲ, ನಾಳೆ ಹುಟ್ಟುವ ನೋಡುಗನಿಗೂ ಇದೆ.

ಇನ್ನೊಂದು ಎಚ್ಚರಿಕೆಯ ಮಾತು. ಸಿಟ್ಟು ದಾರಿ ತಪ್ಪಿದರೆ ಕ್ರೌರ್ಯವಾಗುತ್ತದೆ. 2017ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ನಟಿಸಿದ ಕೆಲ್ಲಿ ಮೇರಿ ಟ್ರಾನ್ ಎಂಬ ಯುವತಿಯನ್ನು ಅಭಿಮಾನಿಗಳೆನಿಸಿಕೊಂಡ ಕೆಲವರು ಜನಾಂಗ ಮತ್ತು ರೂಪವನ್ನು ಹಿಡಿದು ತಿಂಗಳುಗಟ್ಟಲೆ ನಿಂದಿಸಿದರು. 2018ರಲ್ಲಿ ಆಕೆ ತಮ್ಮ ಇನ್‌ಸ್ಟಾಗ್ರಾಮ್ ಪುಟದಲ್ಲಿದ್ದುದನ್ನೆಲ್ಲ ಅಳಿಸಿದರು. ಆ ನಿಂದೆ ತಮ್ಮನ್ನು ಹೇಗೆ ಕುಗ್ಗಿಸಿತು ಎಂಬುದನ್ನು ಆಮೇಲೆ ಪತ್ರಿಕೆಯೊಂದರಲ್ಲಿ ಬರೆದರು. ಕಥೆ ಬರೆದವರು ಆಕೆಯಲ್ಲ, ಕಂಪನಿ ಕೊಂಡವರೂ ಆಕೆಯಲ್ಲ. ಕಥೆಯ ಮೇಲಿನ ಪ್ರೀತಿ ಒಬ್ಬ ಮನುಷ್ಯಳನ್ನು ನೋಯಿಸುವ ಪರವಾನಗಿ ಅಲ್ಲ.

ನೀವೇನು ಮಾಡಬಹುದು?

ಅಭಿಮಾನಿಗೆ ಕಾನೂನಿನ ಹಕ್ಕಿಲ್ಲ ಎಂದೆವು. ಆದರೆ ಅವನ ಕೈ ಪೂರ್ತಿ ಬರಿದಲ್ಲ. 1960 ಮತ್ತು 70ರ ದಶಕಗಳಲ್ಲಿ ಬಿಬಿಸಿ ತನ್ನ ಹಳೆಯ ಟೇಪುಗಳನ್ನು ಅಳಿಸಿ ಮತ್ತೆ ಬಳಸಿತು. ‘ಡಾಕ್ಟರ್ ಹೂ’ ಧಾರಾವಾಹಿಯ 90ಕ್ಕೂ ಹೆಚ್ಚು ಕಂತುಗಳ ಚಿತ್ರ ಹೀಗೆ ಕಳೆದುಹೋಯಿತು. ಆದರೂ ಅವುಗಳ ಧ್ವನಿ ಮಾತ್ರ ಪೂರ್ತಿಯಾಗಿ ಉಳಿದಿದೆ. ಉಳಿಸಿದವರು ಯಾರು? ಪ್ರಸಾರದ ಹೊತ್ತಿನಲ್ಲಿ ಟಿವಿಯ ಬಳಿ ಟೇಪ್‌ರೆಕಾರ್ಡರ್ ಹಿಡಿದು ಕುಳಿತಿದ್ದ ಹುಡುಗರು, ಅಂದರೆ ಅಭಿಮಾನಿಗಳು.

‘ಸ್ಟಾರ್ ವಾರ್ಸ್’ ಅಭಿಮಾನಿಗಳ ಹಟವೂ ವ್ಯರ್ಥವಾಗಲಿಲ್ಲ. 2025ರ ಜೂನ್‌ನಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಲಂಡನ್ನಿನಲ್ಲಿ 1977ರ ತಿದ್ದದ ಪ್ರತಿಯನ್ನೇ ಸಾರ್ವಜನಿಕರಿಗೆ ತೋರಿಸಿತು.

ನಮ್ಮ ಅರಸಾಳನ್ನೂ ನೋಡಿ. ಬಳಕೆ ತಪ್ಪಿ ಶಿಥಿಲವಾಗಿದ್ದ ಹಳೆಯ ನಿಲ್ದಾಣದ ಕಟ್ಟಡವನ್ನು ರೈಲ್ವೆ ಇಲಾಖೆ ದುರಸ್ತಿ ಮಾಡಿಸಿ 2020ರಲ್ಲಿ ‘ಮಾಲ್ಗುಡಿ ಮ್ಯೂಸಿಯಂ’ ಮಾಡಿತು. ಆ ಕೆಲಸದಲ್ಲಿ ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ತೊಡಗಿದ್ದರು. ಹೊಸ ರೈಲು ಓಡುತ್ತಿದೆ, ಹಳೆಯ ನಿಲ್ದಾಣವೂ ನಿಂತಿದೆ. ಒಂದಕ್ಕಾಗಿ ಇನ್ನೊಂದನ್ನು ಕೆಡವಬೇಕಾಗಲಿಲ್ಲ.

ನೀವು ಇಲ್ಲಿಂದಲೇ ಶುರು ಮಾಡಬಹುದು. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯ ನಾಟಕಗಳನ್ನು ಕೇಳಿ ಬೆಳೆದ ಹಿರಿಯರು ನಿಮ್ಮ ಬೀದಿಯಲ್ಲೇ ಇದ್ದಾರೆ. ಮಾಲ್ಗುಡಿಯ ಚಿತ್ರೀಕರಣವನ್ನು ಕಣ್ಣಾರೆ ಕಂಡವರು ಆಗುಂಬೆಯಲ್ಲಿ ಸಿಕ್ಕಾರು. ಅವರ ನೆನಪುಗಳನ್ನು ಬರೆದುಕೊಳ್ಳಿ, ಧ್ವನಿಮುದ್ರಿಸಿಕೊಳ್ಳಿ, ದಿನಾಂಕ ಹಾಕಿ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಮನೆಯ ಅಟ್ಟದ ಮೇಲೆ ಹಳೆಯ ಕ್ಯಾಸೆಟ್ಟುಗಳಿದ್ದರೆ ಬಿಸಾಡುವ ಮುನ್ನ ಒಮ್ಮೆ ಕೇಳಿ ನೋಡಿ.

ಮುಂದಿನ ಸಲ ಬಸ್ಸಿನಲ್ಲಿ ಗೆಳೆಯ “ಕೆಡಿಸಿಬಿಟ್ಟರು” ಎಂದಾಗ ಅವನನ್ನು ನಗಬೇಡಿ. “ಬದಲಾದದ್ದು ಯಾವುದು? ಕಳೆದುಹೋದದ್ದು ಯಾವುದು?” ಎಂದು ಎರಡು ಪ್ರಶ್ನೆ ಕೇಳಿ. ಭದ್ರಾವತಿ ಬರುವಷ್ಟರಲ್ಲಿ ಅವನ ಗೊಣಗಾಟ ಒಳ್ಳೆಯ ವಿಮರ್ಶೆಯಾಗಿದ್ದರೂ ಆಶ್ಚರ್ಯವಿಲ್ಲ.

ತರಗತಿಯಲ್ಲಿ ಚರ್ಚಿಸಿ

1. ನೀವು ಓದಿದ ಕಥೆಯೊಂದು ಚಿತ್ರವಾದಾಗ ಏನು ಬದಲಾಯಿತು? ಆ ಬದಲಾವಣೆಯಿಂದ ಕಥೆಯ ಜೀವ ಉಳಿಯಿತೇ?

2. ಕೃತಿಯನ್ನು ರಚಿಸಿದವರೇ ಅದನ್ನು ತಿದ್ದಿದರೆ, ಹಳೆಯ ಪ್ರತಿಯನ್ನೂ ಉಳಿಸಬೇಕಾದ ಹೊಣೆ ಅವರಿಗಿದೆಯೇ? ನಿಮ್ಮ ಉತ್ತರಕ್ಕೆ ಕಾರಣ ಕೊಡಿ.

3. ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಒಂದು ಕಂತನ್ನು ನೋಡಿ, ಅದೇ ಕಥೆಯನ್ನು ಪುಸ್ತಕದಲ್ಲಿ ಓದಿ. ಮಲೆನಾಡಿನ ಹಿನ್ನೆಲೆಯಿಂದ ಕಥೆಗೆ ಸೇರಿದ್ದೇನು, ಬಿಟ್ಟುಹೋದದ್ದೇನು ಎಂದು ಒಂದು ಪುಟ ಬರೆಯಿರಿ.